ಸಂಜೆಯ ಹಾವು-ಏಣಿ ಆಟದ ಹೊತ್ತಿಗೆ ಮನೆಯ ವೈಫೈ ಕೈಕೊಡತಕ್ಕ ಬಗ್ಗೆ

ಗೃಹ ಸಂಪರ್ಕ ಇಲಾಖೆ
ಕೇಂದ್ರ ಕಚೇರಿ: ಊಟದ ಮೇಜು, ಕಿಟಕಿ ಬದಿಯ ತುದಿ
(ಊಟದ ವೇಳೆಯಲ್ಲಿ ಕಚೇರಿಯನ್ನು ಎತ್ತಿ ಫ್ರಿಜ್ ಮೇಲೆ ಇಡಲಾಗುವುದು)

ಸುತ್ತೋಲೆ ಸಂಖ್ಯೆ: ಗೃಸಂಇ/ವೈಫೈ/ಮೆಶ್/ತಿದ್ದುಪಡಿಯ ಮೇಲಣ ತಿದ್ದುಪಡಿ
ದಿನಾಂಕ: ಬೆಕ್ಕು ರೂಟರಿನ ಮೇಲಿಂದ ಸ್ವಇಚ್ಛೆಯಿಂದ ಇಳಿದ ದಿನ

ವಿಷಯ: ಮನೆಯಾದ್ಯಂತ ಮೆಶ್ ವೈಫೈ ಜಾಲ ಸ್ಥಾಪಿಸಿರುವ, ಅದು ಎಂದೂ ಕೈಕೊಡದಂತೆ ಕಾಪಾಡುವ, ಹಾಗೂ ಸಂಜೆ ಆಟದ ಹೊತ್ತಿಗೆ ಮಾತ್ರ ಕೈಕೊಡುವಂತೆ ನೋಡಿಕೊಳ್ಳುವ ಕುರಿತು.

ಉಲ್ಲೇಖ:
1. ಅಜ್ಜಿಯವರ ಮೌಖಿಕ ದೂರು: "ಏನ್ ವೈಫೈನೋ ಏನ್ ಕತೆನೋ, ಆಟ ಮುಗಿಯೋ ಹೊತ್ತಿಗೆ ಸರಿಯಾಗಿ ಹಾಳಾಗ್ ಹೋಗುತ್ತೆ."
2. ಇಲಾಖೆಯ ಹಿಂದಿನ ಸುತ್ತೋಲೆ. ಫ್ರಿಜ್ ಬಾಗಿಲಿಗೆ ಅಂಟಿಸಿದ್ದ ಅದರ ಬೆನ್ನಿಗೆ 'ಸೋಪು, ಈರುಳ್ಳಿ' ಎಂದು ಬರೆದು ಅಂಗಡಿಗೆ ಒಯ್ದವರು ಇದುವರೆಗೂ ಹಿಂದಿರುಗಿಸಿರುವುದಿಲ್ಲ.
3. ಇಲಾಖಾ ಮುಖ್ಯಸ್ಥರ ಪತ್ನಿಯವರ ಅಭಿಪ್ರಾಯ: "ರಿಟೈರ್ ಆದ್ರೂ ಈ ಸುತ್ತೋಲೆ ಚಟ ಬಿಡ್ಲಿಲ್ವಲ್ಲ ನಿಮ್ಗೆ." (ಕಡತಕ್ಕೆ ಸೇರಿಸಲಾಗಿದೆ. ಕ್ರಮ ಅಗತ್ಯವಿಲ್ಲ.)

ಪ್ರಸ್ತಾವನೆ:

ಈ ಮನೆಯ ಅಜ್ಜಿಯವರು, ಅಂದರೆ ಇಲಾಖಾ ಮುಖ್ಯಸ್ಥರ ತಾಯಿಯವರು, ಬೇರೆ ಊರಿನಲ್ಲಿರುವ ತಮ್ಮ ತಂಗಿಯವರೊಂದಿಗೆ (ಇನ್ನು ಮುಂದೆ 'ಚಿಕ್ಕಜ್ಜಿ' ಎಂದು ಕರೆಯಲಾಗುವುದು, 'ಅಜ್ಜಿ' ಎಂಬ ಪದಕ್ಕೆ ಅವರು ಒಪ್ಪಿರುವುದಿಲ್ಲ) ಪ್ರತಿದಿನ ಸಂಜೆ ಫೋನಿನಲ್ಲಿ ಮುಖ ನೋಡಿಕೊಂಡು ಹಾವು-ಏಣಿ ಆಡುವುದು ವಾಡಿಕೆ. ಮೊಣಕಾಲು ನೋವಿನಿಂದ ಇಬ್ಬರೂ ಪ್ರಯಾಣ ಬಿಟ್ಟ ಮೇಲೆ ಅಕ್ಕ-ತಂಗಿಯರ ಭೇಟಿ ಎಂದರೆ ಇದೊಂದೇ. ಆದರೆ ಆಟ ಕೊನೆಯ ಸಾಲಿಗೆ ಬರುವಷ್ಟರಲ್ಲಿ ಅಜ್ಜಿಯವರ ಕೋಣೆಯಲ್ಲಿದ್ದ ಹಳೆಯ ವೈಫೈ ಡಬ್ಬಿ ಕೈಕೊಟ್ಟು, ಆಟವೇ ರದ್ದಾಗುತ್ತಿತ್ತು. ಹೆತ್ತ ತಾಯಿಗೆ ಇರುವ ಒಂದು ಸುಖಕ್ಕೂ ಹೀಗೆ ಕಲ್ಲು ಬೀಳುವುದನ್ನು ನೋಡಲಾಗದ ಇಲಾಖೆಯು, ಹಲವು ಡಬ್ಬಿಗಳು ಕೈಕೈ ಹಿಡಿದು ಮನೆಯ ಮೂಲೆಮೂಲೆಗೂ ತಲುಪುವ ಮೆಶ್ ಜಾಲವನ್ನು ಕಟ್ಟಲು ತೀರ್ಮಾನಿಸಿತು. ಕಟ್ಟಲಾಗಿದೆ. ಆದ್ದರಿಂದ ಎಲ್ಲರಿಗೂ ಈ ಮೂಲಕ ಸೂಚಿಸುವುದೇನೆಂದರೆ:

1. ಹೊಂದಾಣಿಕೆ. ಮುಖ್ಯ ರೂಟರಿಗೆ ಹೊಂದುವ ಉಪಕರಣಗಳನ್ನು ಮಾತ್ರ ಮನೆಯೊಳಗೆ ತರತಕ್ಕದ್ದು. ಈ ಹಿಂದೆ ಭಾವಮೈದುನರು (ಪತ್ನಿಯವರ ತಮ್ಮ, ಮಹಡಿ ಕೋಣೆಯಲ್ಲಿ ತಾತ್ಕಾಲಿಕ ವಾಸ, ಎಷ್ಟು ವರ್ಷದಿಂದ ಎಂದು ಕೇಳತಕ್ಕದ್ದಲ್ಲ) ರಿಯಾಯಿತಿಯಲ್ಲಿ ಸಿಕ್ಕಿತೆಂದು ಬೇರೊಂದು ಕಂಪನಿಯ ಎಕ್ಸ್‌ಟೆಂಡರ್ (ಸಿಗ್ನಲ್ ಹಿಗ್ಗಿಸುವ ಡಬ್ಬಿ) ತಂದು ಗೋಡೆಗೆ ಚುಚ್ಚಿದ್ದರು. ವಿವರಣೆ ಕೇಳಲಾಗಿ, "ಎಲ್ಲಾ ವೈಫೈನೂ ಗಾಳೀಲೇ ಅಲ್ವಾ ಬರೋದು ಭಾವಾ? ಕಂಪನಿ ಯಾವ್ದಾದ್ರೇನು?" ಎಂದು ಉತ್ತರಿಸಿರುತ್ತಾರೆ. ಪರಿಣಾಮವಾಗಿ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಗಿ, ಮೆಟ್ಟಿಲ ನಡುವೆ ನಿಂತವರ ಫೋನು ಯಾವ ಕಡೆಗೂ ಸೇರದೆ ಸುತ್ತುತ್ತಲೇ ಇತ್ತು. ಇನ್ನು ಮುಂದೆ ಡಬ್ಬಿಯ ಮೇಲೆ ಬರೆದಿರುವುದನ್ನು ಓದಿ ತರತಕ್ಕದ್ದೇ ಹೊರತು, ಡಬ್ಬಿಯ ಮೇಲೆ ಸೋಫಾದಲ್ಲಿ ಕುಳಿತು ನಗುತ್ತಿರುವ ಕುಟುಂಬವನ್ನು ನೋಡಿ ತರತಕ್ಕದ್ದಲ್ಲ. ಆ ಕುಟುಂಬಕ್ಕೂ ಈ ಕುಟುಂಬಕ್ಕೂ ಯಾವುದೇ ಸಂಬಂಧವಿರುವುದಿಲ್ಲ.
ಸದರಿ ಎಕ್ಸ್‌ಟೆಂಡರನ್ನು ಕಿಟಕಿ ಬಾಗಿಲು ಬಡಿಯದಂತೆ ಅಡ್ಡ ಇಡಲಾಗಿದೆ. ಆ ಹುದ್ದೆಯಲ್ಲಿ ಅದರ ಸೇವೆ ತೃಪ್ತಿಕರವಾಗಿದೆ.

2. ಹೆಸರು. ಇಡೀ ಮನೆಗೆ ಒಂದೇ ವೈಫೈ, ಒಂದೇ ಹೆಸರು, ಒಂದೇ ಪಾಸ್‌ವರ್ಡ್. ಮಗಳು ತನ್ನ ಕೋಣೆಯ ಜಾಲಕ್ಕೆ ಇಟ್ಟಿದ್ದ 'ಅಪ್ಪ ಬಂದ್ರು ಎಚ್ಚರ' ಮತ್ತು ಭಾವಮೈದುನರು ಇಟ್ಟಿದ್ದ 'ಪಕ್ಕದ್ಮನೆಯೋರೇ ನಾಚ್ಕೆ ಆಗಲ್ವಾ' ಎಂಬ ಹೆಸರುಗಳನ್ನು ರದ್ದುಪಡಿಸಲಾಗಿದೆ. ಎರಡನೆಯದನ್ನು ಪಕ್ಕದ ಮನೆಯವರೂ ಓದಿದ್ದು, ನಾಚಿಕೆಯಾಗುವುದಿಲ್ಲ ಎಂದು ತಮ್ಮ ವೈಫೈಗೆ ಹೆಸರಿಡುವ ಮೂಲಕ ಉತ್ತರಿಸಿದ್ದಾರೆ.

3. ಸ್ಥಳ. ಉಪಕೇಂದ್ರಗಳನ್ನು (ಮೆಶ್ ಡಬ್ಬಿಗಳನ್ನು ಇಲಾಖೆ ಹೀಗೆ ಕರೆಯುತ್ತದೆ) ಸಿಗ್ನಲ್ ಸತ್ತ ಮೂಲೆಯಲ್ಲಿ ಇಡತಕ್ಕದ್ದಲ್ಲ. ಸಿಗ್ನಲ್ ಇನ್ನೂ ಚೆನ್ನಾಗಿರುವಲ್ಲಿ, ಮೂಲೆಗೆ ಅರ್ಧ ದಾರಿಯಲ್ಲಿ ಇಡತಕ್ಕದ್ದು. ಬತ್ತಿದ ಬಾವಿಗೆ ಕೊಡ ಇಳಿಸಿದರೆ ನೀರು ಬಾರದು. ಕನ್ನಡಿ, ಮೀನಿನ ತೊಟ್ಟಿ, ಮೈಕ್ರೋವೇವ್ ಇವುಗಳ ನೆರೆಹೊರೆ ಕೂಡದು.
ಹೊಸ ಸಾಮಾನು ಜೋಪಾನವಾಗಿರಲಿ ಎಂದು ಪತ್ನಿಯವರು ಒಂದು ಉಪಕೇಂದ್ರವನ್ನು ಉಕ್ಕಿನ ಬೀರುವಿನೊಳಗೆ, ತಂತಿ ಮಾತ್ರ ಸಂದಿಯಿಂದ ಹೊರಬರುವಂತೆ ಇಟ್ಟು ಬೀಗ ಹಾಕಿದ್ದು ತಪಾಸಣೆಯಲ್ಲಿ ಕಂಡುಬಂದಿದೆ. "ಚಿನ್ನ ಇಟ್ಟಿರೋ ಜಾಗ್ದಲ್ಲೇ ಇಟ್ಟಿದೀನಿ, ಇನ್ನೆಷ್ಟು ಜೋಪಾನ ಮಾಡ್ಲಿ?" ಎಂಬ ಅವರ ಪ್ರಶ್ನೆಯನ್ನು ಮುಂದಿನ ಸುತ್ತೋಲೆಗೆ ಮುಂದೂಡಲಾಗಿದೆ. ಆ ಅವಧಿಯಲ್ಲಿ ಪೂರ್ಣ ಸಿಗ್ನಲ್ ಇದ್ದದ್ದು ಸ್ವೆಟರುಗಳಿಗೆ ಮಾತ್ರ.

4. ಬೆಕ್ಕು. ರೂಟರು ಬೆಚ್ಚಗಿರುತ್ತದೆಂಬ ಕಾರಣಕ್ಕೆ ಬೆಕ್ಕು ಅದರ ಮೇಲೆ ಮಲಗತಕ್ಕದ್ದಲ್ಲ. ಈ ಕಲಂ ಅನ್ನು ಬೆಕ್ಕಿಗೆ ಓದಿ ಹೇಳಲಾಗಿದೆ. ಅದು ಎದ್ದು, ಮೈ ಮುರಿದು, ಮಗ್ಗುಲು ಬದಲಿಸಿ ಮಲಗಿತು. ಮೇಲ್ಮನವಿ ಎಂದು ಪರಿಗಣಿಸಲಾಗಿದೆ.

5. ದೀಪ. ಉಪಕೇಂದ್ರದ ದೀಪ ನೀಲಿ ಇದ್ದರೆ ಕ್ಷೇಮ, ಕೆಂಪಾದರೆ ಇಲಾಖೆಗೆ ತಿಳಿಸತಕ್ಕದ್ದು. ಕಣ್ಣಿಗೆ ಕುಕ್ಕುತ್ತದೆಂದು ಅದರ ಮೇಲೆ ಕರಿ ಟೇಪು ಅಂಟಿಸಿ, "ದೀಪಾನೇ ಇಲ್ಲ, ಕೆಟ್ಟಿದೆ" ಎಂದು ದೂರು ಕೊಡತಕ್ಕದ್ದಲ್ಲ. ಭಾವಮೈದುನರು ಗಮನಿಸುವುದು.

6. ಭಂಗಿ. ಸಿಗ್ನಲ್‌ಗಾಗಿ ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದು ಓಡಾಡುವುದು, ಬಚ್ಚಲಿನ ಕಿಟಕಿಯಿಂದ ಕೈ ಹೊರಚಾಚುವುದು, ನಾಲ್ಕನೇ ಮೆಟ್ಟಿಲಿನ ಮೇಲೆ ಒಂಟಿ ಕಾಲಲ್ಲಿ ನಿಲ್ಲುವುದು ಇವೆಲ್ಲವನ್ನೂ ನಿಷೇಧಿಸಲಾಗಿದೆ. ಅಭ್ಯಾಸಬಲದಿಂದ ಬಿಡಲಾಗದವರು ವ್ಯಾಯಾಮವೆಂದು ಮುಂಚಿತವಾಗಿ ಘೋಷಿಸತಕ್ಕದ್ದು.

7. ನೆಪ. ಜಾಲವು ಎಲ್ಲೆಡೆ ತಲುಪುತ್ತಿರುವುದರಿಂದ 'ನೆಟ್‌ವರ್ಕ್ ಇರಲಿಲ್ಲ' ಎಂಬ ಸಮಜಾಯಿಷಿಯನ್ನು ಇನ್ನು ಸ್ವೀಕರಿಸಲಾಗುವುದಿಲ್ಲ. ಅಪ್ಪನ ಕರೆಗೆ ಮಗಳು, ಮೇಲಧಿಕಾರಿಯ ಕರೆಗೆ ಭಾವಮೈದುನರು, ಅಂಗಡಿ ಸಾಮಾನಿನ ಸಂದೇಶಕ್ಕೆ ಇಲಾಖಾ ಮುಖ್ಯಸ್ಥರು ಕೂಡಲೇ ಉತ್ತರಿಸತಕ್ಕದ್ದು. (ಈ ಕಲಂ ಜಾರಿಗೆ ಬಂದ ದಿನ ಮನೆಮಂದಿಯೆಲ್ಲ ತಮ್ಮ ಫೋನುಗಳನ್ನು ಆರಿಸಿಟ್ಟರು. ಕಲಂ 10 ನೋಡುವುದು.)

8. ಘಟನೆ. ಮೆಶ್ ಜಾಲದ ಹೆಚ್ಚುಗಾರಿಕೆಯೆಂದರೆ, ಒಂದು ಉಪಕೇಂದ್ರ ಆರಿಹೋದರೂ ಪಕ್ಕದ್ದು ತಕ್ಷಣ ಹೊಣೆ ಹೊತ್ತು ಫೋನನ್ನು ಕೈಬಿಡದೆ ನಡೆಸುತ್ತದೆ. ಇದನ್ನು ಇಲಾಖೆಯು ಮನೆಮಂದಿಗೆಲ್ಲ ಎರಡು ಕೈ ಬೀಸಿ ವಿವರಿಸಿತ್ತು. ಅಜ್ಜಿಯವರು ಆ ಹೊತ್ತಿನಲ್ಲಿ ಕಿವಿಯ ಯಂತ್ರ ತೆಗೆದಿಟ್ಟಿದ್ದರು.
ಜಾಲ ಪೂರ್ಣಗೊಂಡ ಸಂಜೆ ಆಟ ಶುರುವಾಯಿತು. ಇಲಾಖಾ ಮುಖ್ಯಸ್ಥರು ಅಜ್ಜಿಯವರ ಮಂಚದ ಕೆಳಗೆ ಮಲಗಿ ತಂತಿಯನ್ನು ಗೋಡೆಗೆ ಸೇರಿಸುತ್ತಿದ್ದರು. ಅಜ್ಜಿಯವರ ಕಾಯಿ, ನೇರ ನೂರಕ್ಕೇ ಏರುವ ಏಣಿಯ ಬುಡಕ್ಕೆ ಹತ್ತಿರವಿತ್ತು. ಚಿಕ್ಕಜ್ಜಿಯವರದು ಹಾವಿನ ಬಾಯಿಗೆ ಬಿದ್ದು ಕೆಳಗಿಳಿದಿತ್ತು. ಆಗ ಮಂಚದ ಅಂಚಿನಿಂದ ಒಂದು ಬಲಗಾಲು ಇಳಿದು ಬಂತು. ಅದರ ಹೆಬ್ಬೆರಳು, ದಾರಿ ಬಲ್ಲ ಹಳೆಯ ನೌಕರನಂತೆ, ನೆಲದ ಮೇಲಿದ್ದ ಪ್ಲಗ್ ಬೋರ್ಡನ್ನು ತಡವಿ ಸ್ವಿಚ್ಚನ್ನು ಒತ್ತಿತು. ಉಪಕೇಂದ್ರದ ದೀಪ ಆರಿತು.
ಆಟ ನಿಲ್ಲಲಿಲ್ಲ.
ಹೆಬ್ಬೆರಳು ಗಾಬರಿಯಾಗಿ ಮತ್ತೆ ಒತ್ತಿತು, ಮತ್ತೂ ಒತ್ತಿತು. ನಡುಮನೆಯ ಮುಖ್ಯ ರೂಟರು ಅಷ್ಟರಲ್ಲಿ ಪೂರ್ಣ ಹೊಣೆ ಹೊತ್ತಾಗಿತ್ತು. ದಾಳ ಬಿತ್ತು, ಕಾಯಿ ಏಣಿ ಹತ್ತಿತು, ಫೋನು ತುತ್ತೂರಿ ಊದಿ ಬಣ್ಣದ ಕಾಗದ ಚೆಲ್ಲಿತು. ಚಿಕ್ಕಜ್ಜಿಯವರು "ಗೆದ್ಯಲ್ಲಾ. ಸರಿ ಬಿಡು," ಎಂದು ಕರೆ ಕತ್ತರಿಸಿದರು.
ಅಂದಿನಿಂದ ಕೆಲವು ದಿನ ಅವರು ಕರೆ ಮಾಡಲಿಲ್ಲ. ಇಲ್ಲಿಂದ ಮಾಡಿದರೆ ಎತ್ತಲಿಲ್ಲ. ಸಂಜೆಯಾದರೆ ಅಜ್ಜಿಯವರು ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದರು, ನಡುನಡುವೆ "ವೈಫೈ ಇದ್ಯೇನೋ?" ಎಂದು ಕೇಳುತ್ತಿದ್ದರು. ಪೂರ್ತಿ ಇದೆ ಎಂದು ಹೇಳುವುದು ಇಲಾಖೆಗೆ ಇಷ್ಟು ಸಂಕಟವಾದದ್ದು ಇದೇ ಮೊದಲು.

9. ಹೇಳಿಕೆ. ಮಂಚದ ಕೆಳಗಿನಿಂದಲೇ ನಡೆಸಿದ ವಿಚಾರಣೆಯಲ್ಲಿ ಅಜ್ಜಿಯವರು ನೀಡಿದ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ:
"ಅವ್ಳು ಸಣ್ಣೋಳಿದ್ದಾಗಿಂದ್ಲೂ ಹಾಗೇ ಕಣೋ. ಸೋತ್ರೆ ಮೂತಿ ಊದಿಸ್ಕೊಂಡು ಮೂಲೆ ಸೇರ್ತಾಳೆ, ಎಷ್ಟು ರಮಿಸಿದ್ರೂ ಬರಲ್ಲ. ಆಗೇನೋ ಮೂಲೆ ನಮ್ಮನೇಲೇ ಇತ್ತು, ಹೋಗಿ ಕಚಗುಳಿ ಇಟ್ರೆ ನಗ್ತಿದ್ಳು. ಈಗ ಎಲ್ಲೀಂತ ಹೋಗ್ಲಿ? ಬೇಕಂತ ಸೋಲೋಣ ಅಂದ್ರೆ ದಾಳ ಫೋನೇ ಹಾಕುತ್ತೆ, ನನ್ ಕೈಲೇನಿದೆ? ಕಾಲಲ್ಲಿ ಒಂದಿಷ್ಟಿತ್ತು, ಅದನ್ನೂ ನೀನು ಕಿತ್ಕೊಂಡೆ."
ಹಾಗಿದ್ದರೆ ಉಲ್ಲೇಖ 1ರ ದೂರನ್ನು ಏಕೆ ಕೊಟ್ಟಿರೆಂದು ಕೇಳಲಾಗಿ: "ಅವ್ಳಿಗೆ ಕೇಳ್ಲಿ ಅಂತ ಜೋರಾಗಿ ಬೈದೆ. ನೀನು ಅದನ್ನ ನಿಜ ಅನ್ಕೊಂಡು ಅಂಗಡಿಗೆ ಓಡ್ತೀಯ ಅಂತ ಯಾರಿಗ್ ಗೊತ್ತು?"
ಅಜ್ಜಿಯವರಿಗೆ ಸೋಲಿನಿಂದ ಬೇಸರವಾಗುವುದಿಲ್ಲವೇ ಎಂಬ ಪ್ರಶ್ನೆಗೆ, ತಾವು ಅಂಥವರಲ್ಲ ಎಂದಿದ್ದಾರೆ. ಪತ್ನಿಯವರು ಅಡುಗೆಮನೆಯಿಂದ ಕೆಮ್ಮಿದ್ದನ್ನು ದಾಖಲಿಸಿಲ್ಲ.

10. ಆದೇಶ. ಮೇಲ್ಕಂಡ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಕೆಳಕಂಡಂತೆ ಆದೇಶಿಸಲಾಗಿದೆ.
(ಅ) ಅಜ್ಜಿಯವರ ಸದರಿ ಗೆಲುವನ್ನು ಪೂರ್ವಾನ್ವಯವಾಗುವಂತೆ ರದ್ದುಪಡಿಸಲಾಗಿದೆ. ಹೊಸ ಉಪಕರಣದ ದೋಷದಿಂದ ದಾಳ ತಪ್ಪಾಗಿ ಬಿದ್ದಿತೆಂದು ಇಲಾಖಾ ಮುಖ್ಯಸ್ಥರೇ ಚಿಕ್ಕಜ್ಜಿಯವರ ಮಗನ ಫೋನಿಗೆ ಕರೆ ಮಾಡಿ ಕ್ಷಮೆ ಕೋರಿದ್ದಾರೆ. "ಅದನ್ನ ಆವತ್ತೇ ಹೇಳ್ಬಾರ್ದಿತ್ತೇನೋ? ನಂಗೂ ಅನುಮಾನ ಇತ್ತು, ಆ ದಾಳ ಬಿದ್ದ ರೀತೀನೇ ಸರಿ ಇರ್ಲಿಲ್ಲ," ಎಂದು ಚಿಕ್ಕಜ್ಜಿಯವರು ಕ್ಷಮಾದಾನ ನೀಡಿದ್ದಾರೆ. ದಾಳಕ್ಕೂ ವೈಫೈಗೂ ಸಂಬಂಧವಿಲ್ಲ ಎಂದು ಮಗಳು ಎತ್ತಿದ ತಾಂತ್ರಿಕ ಆಕ್ಷೇಪಣೆಯನ್ನು ತಳ್ಳಿಹಾಕಲಾಗಿದೆ.
(ಆ) ಮುಖ್ಯ ರೂಟರು ನಡುಮನೆಯಲ್ಲೇ ಇರತಕ್ಕದ್ದು. ಅದರ ಪ್ಲಗ್ಗನ್ನು ಮಾತ್ರ ಉದ್ದ ತಂತಿಯ ಮೂಲಕ ಅಜ್ಜಿಯವರ ಮಂಚದ ಕೆಳಗಿನ ಬೋರ್ಡಿಗೆ ಜೋಡಿಸಲಾಗಿದೆ. ಅದೊಂದು ಸ್ವಿಚ್ಚು ಆರಿದರೆ ಮನೆಯ ಎಲ್ಲ ಉಪಕೇಂದ್ರಗಳೂ ಇದ್ದೂ ಇಲ್ಲದಂತಾಗುತ್ತವೆ. ಅಜ್ಜಿಯವರ ಬಲಗಾಲಿನ ಹೆಬ್ಬೆರಳನ್ನು ಇಲಾಖೆಯ ಪ್ರಧಾನ ನಿಯಂತ್ರಣಾಧಿಕಾರಿಯನ್ನಾಗಿ ನೇಮಿಸಲಾಗಿದೆ. ಚಳಿಗಾಲದಲ್ಲಿ ಕಾಲುಚೀಲದ ಭತ್ಯೆ ಉಂಟು.
(ಇ) ಅಜ್ಜಿಯವರು ಗೆಲ್ಲುವ ಸೂಚನೆ ಕಂಡಕೂಡಲೇ ಮನೆಯವರು ಹಿನ್ನೆಲೆಯಲ್ಲಿ ಸಹಜ ಧ್ವನಿಯಲ್ಲಿ "ಯಾಕೋ ನೆಟ್‌ವರ್ಕ್ ಅಲ್ಲಾಡ್ತಿದೆ" ಎಂದು ಗೊಣಗತಕ್ಕದ್ದು. ಪೂರ್ವಾಭ್ಯಾಸದಲ್ಲಿ ಭಾವಮೈದುನರು ಆಟ ಶುರುವಾಗುವ ಮೊದಲೇ "ಅಯ್ಯೋ ಹೋಯ್ತು, ಎಲ್ಲಾ ಹೋಯ್ತು!" ಎಂದು ಎದೆ ಬಡಿದುಕೊಂಡಿದ್ದು, ಪಕ್ಕದ ಮನೆಯವರು ಬಾಗಿಲು ತಟ್ಟಿ ಯಾರಿಗೇನಾಯಿತೆಂದು ವಿಚಾರಿಸಿದ್ದಾರೆ. ಭಾವಮೈದುನರಿಗೆ ಮಾತಿಲ್ಲದ ಪಾತ್ರ ನೀಡಲಾಗಿದೆ.
(ಈ) ಕಡಿತದ ವೇಳೆ ಆನ್‌ಲೈನ್ ತರಗತಿಯಲ್ಲಿರುವ ಮಗಳಾಗಲಿ, ಸಭೆಯಲ್ಲಿರುವ ಭಾವಮೈದುನರಾಗಲಿ ಅಜ್ಜಿಯವರ ಕೋಣೆಯತ್ತ ನೋಡತಕ್ಕದ್ದಲ್ಲ. ಅವರ ಅನುಕೂಲಕ್ಕಾಗಿ ಕಲಂ 7ನ್ನು ಹಿಂಪಡೆಯಲಾಗಿದೆ. 'ನೆಟ್‌ವರ್ಕ್ ಇರಲಿಲ್ಲ' ಎಂಬ ಸಮಜಾಯಿಷಿ ಮತ್ತೆ ಊರ್ಜಿತವಾಗಿದೆ. ಈ ಅಂಶವನ್ನು ಓದಿ ಹೇಳಿದಾಗ ಮನೆಯಲ್ಲಿ ಚಪ್ಪಾಳೆ ಬಿದ್ದಿತು. ಇಲಾಖೆಯ ಇತಿಹಾಸದಲ್ಲಿ ಇದು ಮೊದಲನೆಯದು.

11. ಪಾಲನಾ ವರದಿ. ನಿನ್ನೆ ಸಂಜೆ ಆಟ ಪುನರಾರಂಭವಾಯಿತು. ಈ ಬಾರಿ ಅಜ್ಜಿಯವರನ್ನು ಹಾವು ನುಂಗಿತ್ತು. ಚಿಕ್ಕಜ್ಜಿಯವರಿಗೆ ಇನ್ನೊಂದು ದಾಳ ಬಿದ್ದರೆ ಗೆಲುವು. ಪ್ರಧಾನ ನಿಯಂತ್ರಣಾಧಿಕಾರಿಗಳು ಹೊದಿಕೆಯೊಳಗೆ ವಿಶ್ರಾಂತಿಯಲ್ಲಿದ್ದರು. ಮನೆಯ ಎಲ್ಲ ದೀಪಗಳೂ ನೀಲಿ. ಹಾಗಿದ್ದೂ ಫೋನಿನಲ್ಲಿ ಚಿಕ್ಕಜ್ಜಿಯವರ ಮುಖ, ಏನೋ ಹೇಳಲು ಬಾಯಿ ತೆರೆದಂತೆಯೇ ನಿಂತು, ಮಾಯವಾಯಿತು. ಆಟ ರದ್ದಾಯಿತು.
"ಪಾಪ, ಅವ್ಳ ಕಡೆ ಹೋಯ್ತು ಅನ್ಸುತ್ತೆ. ನಾಳೆ ಆಡಿದ್ರಾಯ್ತು," ಎಂದು ಅಜ್ಜಿಯವರು ಬಹಳ ಸಂತೋಷದಿಂದ ಊಟಕ್ಕೆದ್ದರು.
ಆ ಕಡೆಗೂ ಒಂದು ಮೆಶ್ ಜಾಲ ಕಟ್ಟಿಕೊಡಲು ಇಲಾಖೆ ಸಿದ್ಧವಿದೆ ಎಂದು ಚಿಕ್ಕಜ್ಜಿಯವರ ಮಗನಿಗೆ ತಿಳಿಸಲಾಗಿ, ಅವನಿಂದ ಬಂದ ಉತ್ತರ: "ಬೇಡಣ್ಣಾ, ನಮ್ಮನೇಲಿ ಹೋದ್ವರ್ಷಾನೇ ಹಾಕ್ಸಿದೀನಿ. ಒಂದ್ಸಲಾನೂ ಕೈಕೊಟ್ಟಿಲ್ಲ. ಅಮ್ಮ ಮಾತ್ರ ರೂಟರಿನ ಪ್ಲಗ್ ತನ್ನ ಮಂಚದ ಕೆಳಗೇ ಇರ್ಬೇಕು ಅಂತ ಹಠ ಹಿಡಿದಿದಾಳೆ. ಯಾಕೋ ಗೊತ್ತಿಲ್ಲ."
ಇಲಾಖೆಗೂ ಗೊತ್ತಿಲ್ಲವೆಂದು ಉತ್ತರಿಸಲಾಗಿದೆ. ಕಡತವನ್ನು ಮುಕ್ತಾಯಗೊಳಿಸಲಾಗಿದೆ.

(ಸಹಿ/-)
ಮುಖ್ಯ ಸಂಪರ್ಕಾಧಿಕಾರಿ
ಹಾಗೂ ಹಿರಿಯಕ್ಕನ ಮಗ
ಗೃಹ ಸಂಪರ್ಕ ಇಲಾಖೆ

ಪ್ರತಿಗಳು:
1. ಪತ್ನಿಯವರಿಗೆ, ಬೀರುವಿನ ಕೀಲಿಯನ್ನು ಹಿಂದಿರುಗಿಸುವ ಕೋರಿಕೆಯೊಂದಿಗೆ. ಬೆನ್ನಿಗೆ ಈರುಳ್ಳಿ ಎಂದು ಬರೆಯಬಾರದಾಗಿ ವಿನಂತಿ.
2. ಮಗಳಿಗೆ, ಮಾಹಿತಿಗಾಗಿ ಮತ್ತು ಆಕ್ಷೇಪಿಸದಿರುವುದಕ್ಕಾಗಿ.
3. ಭಾವಮೈದುನರಿಗೆ, ಮೌನವಾಗಿ ಓದಿಕೊಳ್ಳಲು.
4. ಪಕ್ಕದ ಮನೆಯವರಿಗೆ: ಪ್ರತ್ಯೇಕ ಪ್ರತಿ ಬೇಕಿಲ್ಲ, ಅವರು ಹೇಗೂ ಓದುತ್ತಾರೆ.
5. ಬೆಕ್ಕಿಗೆ. ರೂಟರಿನ ಮೇಲೆ ಹಾಸಲಾಗಿದೆ.
6. ಅಜ್ಜಿಯವರ ಬಲಗಾಲಿನ ಹೆಬ್ಬೆರಳಿಗೆ, ಮುಂದಿನ ಅಗತ್ಯ ಕ್ರಮಕ್ಕಾಗಿ.
7. ಚಿಕ್ಕಜ್ಜಿಯವರಿಗೆ: ಕಳುಹಿಸತಕ್ಕದ್ದಲ್ಲ. ಏಕೆ ಬರಲಿಲ್ಲವೆಂದು ಕೇಳಿದಲ್ಲಿ, ನೆಟ್‌ವರ್ಕ್ ಇರಲಿಲ್ಲ ಎಂದು ತಿಳಿಸತಕ್ಕದ್ದು. ಅವರು ನಂಬುತ್ತಾರೆ.