ಎರಡು ಬೆರಳಿನ ಸಂದು

ಎವೆನೊರ್‌ಗೆ ಸಂದು ಕಂಡರೆ ಆಗುವುದಿಲ್ಲ. ಬಾಗಿಲಿಗೂ ಚೌಕಟ್ಟಿಗೂ ನಡುವಿನ ಸಂದಾಗಲಿ, ಡಬ್ಬಿಗೂ ಮುಚ್ಚಳಕ್ಕೂ ನಡುವಿನ ಸಂದಾಗಲಿ, ಕಂಡ ತಕ್ಷಣ ಅವನ ಬೆರಳು ತುರಿಸತೊಡಗುತ್ತದೆ. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಕೂರಿಸಿದ ಟಚ್‌ಸ್ಕ್ರೀನಿನ ಸುತ್ತ ಸಂದಿದ್ದರಂತೂ ಆ ದಿನ ಊಟ ಸೇರುವುದಿಲ್ಲ. ಮನಾಗುವಾ ಪಟ್ಟಣದಲ್ಲಿ ಕಾರಿಗೆ ಸ್ಕ್ರೀನ್ ಹಾಕುವವರು ಬೇಕಾದಷ್ಟು ಜನ ಇದ್ದಾರೆ. ಹಾಕಿದ ಮೇಲೆ ಅದು ಕಾರಿನ ಜೊತೆಯಲ್ಲೇ ಹುಟ್ಟಿತೇನೋ ಎನ್ನುವಂತೆ ಕಾಣಬೇಕಾದರೆ ಮಾತ್ರ ಎವೆನೊರ್‌ನೇ ಆಗಬೇಕು. ಸುಮ್ಮನೆ ಹೊಗಳುತ್ತಿಲ್ಲ, ನನ್ನ ಕಾರಿನಲ್ಲೇ ಒಂದಿದೆ, ಬಂದು ನೋಡಬಹುದು.

ಆ ಭಾನುವಾರ ಅವನು ಅಂಗಡಿಯ ಕಡೆ ತಲೆ ಹಾಕಬಾರದಿತ್ತು. ಸಂಜೆ ಐದಕ್ಕೆ ಯಾಮಿಲೆತ್‌ಳ ಮನೆಗೆ ಹೋಗಿ, ಅವಳ ತಾಯಿ ದೋನ್ಯ ಪೆತ್ರೋನಿಲಾ ಎದುರು ಕೂತು ಹೆಣ್ಣು ಕೇಳಬೇಕಿತ್ತು. (ಹಿರಿಯ ಹೆಂಗಸರಿಗೆ ದೋನ್ಯ, ಗಂಡಸರಿಗೆ ದೋನ್ ಅನ್ನುವುದು ನಮ್ಮಲ್ಲಿ ಮರ್ಯಾದೆ.) ಹೀಗೆ ದಿನ ಗೊತ್ತುಮಾಡಿದ್ದು ಇದು ನಾಲ್ಕನೆಯ ಸಲ. ಹಿಂದಿನ ಮೂರು ಸಲವೂ ಅವನು ಯಾರದೋ ಕಾರಿನ ಹೊಟ್ಟೆಯೊಳಗೆ ತಲೆ ತೂರಿಸಿಕೊಂಡು ಕೂತು, ಕತ್ತಲಾದ ಮೇಲೆ ಹೋಗಿ ಮುಚ್ಚಿದ ಬಾಗಿಲು ನೋಡಿಕೊಂಡು ಬಂದಿದ್ದ.

"ಐದು ಅಂದ್ರೆ ಐದು," ಎಂದು ಪೆತ್ರೋನಿಲಾ ಮಗಳ ಕೈಯಲ್ಲಿ ಹೇಳಿಕಳಿಸಿದ್ದರು. "ಐದೂ ಒಂದಕ್ಕೆ ಬಾಗಿಲು ಹಾಕ್ತೀನಿ. ಆಮೇಲೆ ನನ್ ಮಗಳ ಹೆಸರು ಅವನ ಬಾಯಲ್ಲಿ ಬರಕೂಡದು. ಬೇರೆ ಕಡೆಯಿಂದ್ಲೂ ಕೇಳ್ತಿದಾರೆ, ನೆನಪಿರ್ಲಿ."

"ಈ ಸಲ ತಪ್ಪಿದ್ರೆ ನನ್ ಕೈಲೂ ಆಗಲ್ಲ ಕಣೋ," ಎಂದು ಯಾಮಿಲೆತ್ ತನ್ನದನ್ನೂ ಸೇರಿಸಿದ್ದಳು. ಅವಳಿಗೆ ಅವನನ್ನು ಕಂಡರೆ ಪ್ರಾಣ. ಆದರೆ ಅವ್ವನನ್ನು ಕಂಡರೆ ಭಯ.

ಹನ್ನೊಂದು ಗಂಟೆಗೆ ಎವೆನೊರ್ ಅಂಗಡಿಗೆ ಬಂದದ್ದು ಬೂಟಿಗೆ ಹಾಕಲು ಡ್ಯಾಶ್‌ಬೋರ್ಡ್ ಪಾಲಿಷ್ ತೆಗೆದುಕೊಳ್ಳಲು. ಡಬ್ಬಿ ಕೈಗೆ ಬಂತು, ಬಾಗಿಲು ಎಳೆಯುವುದೊಂದೇ ಬಾಕಿ. ಅಷ್ಟರಲ್ಲಿ ಒಂದು ಬೂದು ಬಣ್ಣದ ಕಾರು ಎದುರಿಗೆ ಬಂದು ನಿಂತಿತು. ಒಳಗಿನಿಂದ ಯಾವುದೋ ಸೀಮೆಯ ಭಾಷೆಯಲ್ಲಿ ಒಬ್ಬ ಹೆಂಗಸು ಗದರುತ್ತಿದ್ದಳು. ಆದರೆ ಕಾರಿನಿಂದ ಇಳಿದ ಹೆಂಗಸು ಬಾಯಿ ಬಿಟ್ಟಿರಲಿಲ್ಲ.

"ಗದರ್ತಿರೋಳು ನಾನಲ್ಲಪ್ಪ, ಈ ಸ್ಕ್ರೀನು," ಎಂದರು ಆಕೆ. ಐವತ್ತೈದರ ಗುಂಡುಮುಖ, ಹೆಸರು ದೋನ್ಯ ಸಬೀನಾ. "ಎಸ್ತೆಲಿ ಊರಿಂದ ಇಲ್ಲೀತನಕ ನನ್ ಜೊತೆ ಜಗಳ ಆಡ್ಕೊಂಡೇ ಬಂದಿದಾಳೆ. ನಾನೂ ಬಿಟ್ಟಿಲ್ಲ ಅನ್ನು. ಇವಳ ಬಾಯಿ ಮುಚ್ಚಿಸಿ, ದಾರಿ ತೋರ್ಸೋ ಹಾಗೆ ಮಾಡ್ತೀಯಾ ಮಗಾ?"

"ಇವತ್ತು ಅಂಗಡಿ ಇಲ್ಲ ಅಮ್ಮಾ. ನನಗೊಂದು ಮುಖ್ಯವಾದ..." ಎನ್ನುತ್ತ ಎವೆನೊರ್ ಕಾರಿನೊಳಗೆ ಇಣುಕಿದ. ಇಣುಕಿದ್ದೇ ತಪ್ಪಾಯಿತು. ಸ್ಕ್ರೀನಿಗೂ ಡ್ಯಾಶ್‌ಬೋರ್ಡಿಗೂ ನಡುವೆ ಎರಡು ಬೆರಳಿನ ಸಂದು. ಸಂದಿನಿಂದ ತಂತಿಗಳು ಕರುಳಿನ ಹಾಗೆ ಹೊರಗೆ ಬಿದ್ದಿದ್ದವು. ಯಾವನೋ ಪುಣ್ಯಾತ್ಮ ಎಡಭಾಗಕ್ಕೆ ಸಿಗರೇಟು ಪ್ಯಾಕಿನ ರಟ್ಟು ಮಡಿಸಿ ತುರುಕಿದ್ದ.

ಎವೆನೊರ್ ಗಡಿಯಾರ ನೋಡಿದ. ರಟ್ಟು ನೋಡಿದ. "ಒಂದು ಗಂಟೆ ಕೆಲಸ," ಎಂದ.

ತಾಸು ಕಳೆಯುವುದರೊಳಗೆ ಕಾರಿನ ಮುಂಭಾಗ ಪೂರ್ತಿ ಬಿಚ್ಚಿ ಫುಟ್‌ಪಾತಿನ ಮೇಲೆ ಹರಡಿತ್ತು. ಆ ಕೆಲಸವನ್ನು ನೋಡಬೇಕು. ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಅಂಚಿಗೆ ತೂರಿಸಿ, ಕಿವಿ ಹತ್ತಿರ ಇಟ್ಟು, ಟಕ್ ಎಂದು ಒಂದೊಂದೇ ಕ್ಲಿಪ್ಪು ಬಿಡಿಸುತ್ತಾನೆ; ಒಂದೂ ಮುರಿಯುವುದಿಲ್ಲ. ಹಳದಿ ತಂತಿ ಸದಾ ಹರಿಯುವ ಕರೆಂಟಿಗೆ, ಕೆಂಪು ಕೀಲಿ ತಿರುಗಿಸಿದರೆ ಮಾತ್ರ ಬರುವ ಕರೆಂಟಿಗೆ, ಕಪ್ಪು ಕಾರಿನ ಮೈಗೆ. ಹಿಂದಿನವನು ಟೇಪು ಸುತ್ತಿ ಬಿಟ್ಟಿದ್ದ ಹನ್ನೊಂದು ಗಂಟುಗಳನ್ನು ಬಿಚ್ಚಿ, ಒಂದೊಂದಕ್ಕೂ ಬೆಸುಗೆ ಹಾಕಿದ. ಕಾಣದ ಜಾಗದ ತಂತಿಗೂ ಬಟ್ಟೆಯ ಪಟ್ಟಿ ಸುತ್ತಿ ಜಡೆಯಂತೆ ಹೆಣೆದಿಟ್ಟ. ದೋನ್ಯ ಸಬೀನಾ ಸ್ಟೂಲಿನ ಮೇಲೆ ಕೂತು ಬಾಯಿ ತೆರೆದು ನೋಡುತ್ತಿದ್ದರು.

ಕಾರು ಬಿಚ್ಚಿದಲ್ಲಿ ಕೇರಿ ಸೇರುವುದು ನಮ್ಮ ಪದ್ಧತಿ. ಬಾಳೆಲೆಯಲ್ಲಿ ಕಟ್ಟಿ ಬೇಯಿಸಿದ ಮೆಕ್ಕೆಜೋಳದ ಕಡುಬು, ಅಂದರೆ ನಕತಮಾಲ್ ಮಾರುವ ಇಸಿದೋರಾ, ಕೆಂಡದಂತೆ ಬಿಸಿಯಾದ ಎರಡು ಪೊಟ್ಟಣ ತಂದು ನೇರ ಬಿಚ್ಚಿಟ್ಟ ಸ್ಕ್ರೀನಿನ ಮೇಲೆಯೇ ಇಟ್ಟಳು. ಪಕ್ಕದ ಅಂಗಡಿಯ ಕ್ಷೌರಿಕ ದೋನ್ ಮಾರ್ಸಿಯಾಲ್ ಅರ್ಧ ಗಡ್ಡ ಬೋಳಿಸಿದ ಗಿರಾಕಿಯನ್ನು ಬಿಟ್ಟು ಎದ್ದು ಬಂದರು. ಸಂಜೆ ಎವೆನೊರ್‌ನ ಕಡೆಯಿಂದ ಹೆಣ್ಣು ಕೇಳಬೇಕಾದ ಹಿರಿಯರು ಅವರೇ. ಅವನಿಗೆ ತಂದೆತಾಯಿ ಇರಲಿಲ್ಲ.

"ಇದೊಂದು ತಂತಿ ಜಾಸ್ತಿ ಇದ್ದಂಗಿದೆ ಕಣೋ," ಎಂದು ಮಾರ್ಸಿಯಾಲ್ ಎಳೆದೇಬಿಟ್ಟರು.

ಹಾರನ್ ಕೂಗತೊಡಗಿತು. ನಿಲ್ಲಲೇ ಇಲ್ಲ. ಕೇರಿಯ ನಾಯಿಗಳೆಲ್ಲ ದನಿಗೂಡಿಸಿದವು. ಅರ್ಧ ಗಡ್ಡದ ಗಿರಾಕಿ ಹೆದರಿ ಬೀದಿಗೆ ಓಡಿಬಂದ.

"ಮುಟ್ಬೇಡಿ ಅಂದ್ನಲ್ಲ ತಾತಾ!"

"ನಾನೆಲ್ಲಿ ಮುಟ್ದೆ? ಎಳ್ದೆ ಅಷ್ಟೆ."

ಹಾರನ್ ಅಡಗಿಸುವಷ್ಟರಲ್ಲಿ ಮೂರು ಗಂಟೆ. ಸ್ಕ್ರೀನು ಈಗ ಸಂಭಾವಿತ ದನಿಯಲ್ಲಿ ನಮ್ಮ ಭಾಷೆಯನ್ನೇ ಆಡುತ್ತಿತ್ತು. ರಟ್ಟಿನ ಜಾಗಕ್ಕೆ ಎವೆನೊರ್ ತಾನೇ ಗರಗಸ ಹಿಡಿದು ಚೌಕಟ್ಟು ಕೊಯ್ದು, ಉಜ್ಜಿ, ಬಣ್ಣ ಹಚ್ಚಿ ಕೂರಿಸಿದ್ದ. ಸಂದಿನಲ್ಲಿ ಕೂದಲೆಳೆ ತೂರುವುದಿಲ್ಲ ಎಂದು ತೋರಿಸಲು ದೋನ್ಯ ಸಬೀನಾರಿಂದ ಒಂದು ಕೂದಲನ್ನೇ ಕೇಳಿ ಪಡೆದ. ತೂರಲಿಲ್ಲ.

"ಅಯ್ಯೋ ನನ್ ರಾಜ! ನಿನ್ ಕೈಗೆ ಬಂಗಾರದ ಕಡಗ ಹಾಕ್ಬೇಕು," ಎಂದರು ಆಕೆ, ಕಣ್ಣಲ್ಲಿ ನೀರು ತಂದುಕೊಂಡು. "ಈಗ ನನಗೊಂದು ಮನೆ ಹುಡುಕ್ಕೊಡು. ನಾಲ್ಕೂವರೆಗೆ ಅಲ್ಲಿರ್ಬೇಕು. ಹೋದ ಸಲ ಸುತ್ತಿ ಸುತ್ತಿ ಪೆಟ್ರೋಲು ಮುಗೀತೇ ಹೊರತು ಮನೆ ಸಿಗ್ಲಿಲ್ಲ."

"ಯಾರ ಮನೆ?"

"ಒಳ್ಳೆ ಕೆಲಸ ಮಗಾ. ಮುಂಚೆ ಹೆಸರು ಹೇಳಿದ್ರೆ ಕಣ್ಣು ಬೀಳುತ್ತೆ. ವಿಳಾಸ ಇಲ್ಲಿದೆ," ಎಂದು ಚೀಟಿ ಕೊಟ್ಟರು. ಅದರಲ್ಲಿ ಹೀಗೆ ಬರೆದಿತ್ತು: ಐಸ್ ಕಾರ್ಖಾನೆ ಇದ್ದಲ್ಲಿಂದ ಎರಡು ಅಡ್ಡರಸ್ತೆ ಸರೋವರದ ಕಡೆಗೆ, ಒಂದೂವರೆ ಮೇಲಕ್ಕೆ.

ಮೇಲಕ್ಕೆ ಅಂದರೆ ಸೂರ್ಯ ಹುಟ್ಟುವ ಕಡೆ. ಅದು ಇಲ್ಲಿ ಮಗುವಿಗೂ ಗೊತ್ತು. ನಮ್ಮ ಬೀದಿಗಳಿಗೆ ಹೆಸರಿಲ್ಲ, ಮನೆಗಳಿಗೆ ನಂಬರಿಲ್ಲ. ಅದರ ಅಗತ್ಯವೂ ಬಿದ್ದಿಲ್ಲ. ಆದರೆ ಆ ಐಸ್ ಕಾರ್ಖಾನೆ ಭೂಕಂಪದಲ್ಲಿ ಬಿದ್ದು ಐವತ್ತು ವರ್ಷದ ಮೇಲಾಗಿತ್ತು. ಎವೆನೊರ್‌ನ ವಯಸ್ಸಿನವರಿಗೆ ಆ ಭಾಗದಲ್ಲಿ ಗುರುತೆಂದರೆ ಹುಣಸೆಮರ. ಅದೂ ಈಗ ಇಲ್ಲ, ಹೋದ ಬಿರುಗಾಳಿಯಲ್ಲಿ ಉರುಳಿತು. ಆದರೂ ಎಲ್ಲರೂ ಅದನ್ನೇ ಹಿಡಿದು ದಾರಿ ಹೇಳುತ್ತಾರೆ. ಕಾರ್ಖಾನೆಯಿಂದ ಎಣಿಸುವವರು ಕೆಲವು ಹಳೇ ತಲೆಗಳು ಮಾತ್ರ.

"ಕಾರ್ಖಾನೆ ಇದ್ದಿದ್ದು ಔಷಧಿ ಅಂಗಡಿ ಮೂಲೇಲಿ," ಎಂದರು ಮಾರ್ಸಿಯಾಲ್. "ನನ್ನಪ್ಪ ಅಲ್ಲಿ ಐಸು ಹೊತ್ತೋನು."

"ನಿಮ್ಮಪ್ಪ ಐಸು ಹೊತ್ತಿದ್ದು ಮನೇಗೆ, ಕದ್ದು," ಎಂದಳು ಇಸಿದೋರಾ. "ಕಾರ್ಖಾನೆ ಇದ್ದಿದ್ದು ಪಂಕ್ಚರ್ ಅಂಗಡಿ ಮೂಲೇಲಿ."

ಜಗಳ ಹತ್ತಿಕೊಂಡಿತು. ಗುಂಪು ಎರಡು ಪಕ್ಷವಾಯಿತು. ಬೇರೆ ಯಾರಾದರೂ ಆಗಿದ್ದರೆ ಒಂದು ಮೂಲೆ ಹಿಡಿದು ಕೈತೊಳೆದುಕೊಳ್ಳುತ್ತಿದ್ದರು. ಎವೆನೊರ್‌ಗೆ ಅಂದಾಜೂ ಒಂದು ಸಂದೇ. ಅವನು ಬಿಸಿಲಲ್ಲಿ ಓಡಿದ. ಔಷಧಿ ಅಂಗಡಿಯ ಮುಂದೆ ನೆಲವೆಲ್ಲ ತಡಕಿದ, ಏನೂ ಇಲ್ಲ. ಪಂಕ್ಚರ್ ಅಂಗಡಿಯ ಮುಂದೆ ಹತ್ತೊಂಬತ್ತು ಹಳೇ ಟಯರು ಎತ್ತಿಟ್ಟು ನೋಡಿದರೆ, ಅಡಿಯಲ್ಲಿ ತುಕ್ಕು ಹಿಡಿದ ಕಬ್ಬಿಣದ ಚರಂಡಿ ಮುಚ್ಚಳ. ಉಜ್ಜಿದಾಗ ಐಸ್ ಕಾರ್ಖಾನೆಯ ಹೆಸರು ಎದ್ದು ಬಂತು.

ಇಸಿದೋರಾ ಆಮೇಲೆ ಒಂದು ವಾರ ಗೆದ್ದ ಜಂಬದಲ್ಲೇ ನಕತಮಾಲ್ ಮಾರಿದಳು.

ಬೆವರು ಸುರಿಸಿಕೊಂಡು ಬಂದ ಎವೆನೊರ್, ಸ್ಕ್ರೀನಿನ ನಕ್ಷೆಯಲ್ಲಿ ಆ ಮುಚ್ಚಳದ ಜಾಗ ಹಿಡಿದು, ಗೆರೆಗಳನ್ನು ಬೆರಳಲ್ಲಿ ಎಣಿಸಿದ. ಎರಡು ಸರೋವರದ ಕಡೆಗೆ, ಒಂದೂವರೆ ಮೇಲಕ್ಕೆ. ಒಂದು ಕೆಂಪು ಚುಕ್ಕಿ ಇಟ್ಟ. ಮೇಲಿನಿಂದ ನೋಡಿದರೆ ಹುಟ್ಟಿ ಬೆಳೆದ ಊರೂ ಬರೀ ಗೆರೆ.

"ನಮ್ಮವರು ಇನ್ನೊಬ್ರು ಹಿಂದಿನಿಂದ ಬರ್ತಾರೆ. ಅವರ ಫೋನಿಗೂ ಈ ಚುಕ್ಕಿ ಕಳಿಸ್ಬಿಡು ಮಗಾ," ಎಂದರು ಸಬೀನಾ. ಅದನ್ನೂ ಕಳಿಸಿದ.

ಅತ್ತ ದೋನ್ ಮಾರ್ಸಿಯಾಲ್ ಕನ್ನಡಿ ಮುಂದೆ ನಿಂತು ಸಂಜೆಯ ಮಾತು ಅಭ್ಯಾಸ ಮಾಡುತ್ತಿದ್ದರು. "ದೋನ್ಯ, ಹುಡುಗ ಒಳ್ಳೆಯವನು... ಹುಡುಗ ತುಂಬ... ಹುಡುಗನ ಕೂದಲೂ ಚೆನ್ನಾಗಿದೆ, ನಾನೇ ಕತ್ತರಿಸೋದು."

ಸಬೀನಾಗೆ ವಿಷಯವೆಲ್ಲ ತಿಳಿಯಿತು. ಸ್ಟೂಲಿನಿಂದ ಎದ್ದು ನಿಂತರು. "ಇವರನ್ನ ಕರ್ಕೊಂಡ್ ಹೋದ್ರೆ ನಿನಗೆ ಹೆಣ್ಣಲ್ಲ, ಬಾಚಣಿಗೇನೂ ಸಿಗಲ್ಲ. ಶರ್ಟ್ ಬದಲಾಯಿಸ್ಕೊಂಡ್ ಬಾ. ನನ್ ಕೆಲಸ ನಾಲ್ಕೂವರೆಗೆ, ಅರ್ಧ ಗಂಟೇಲಿ ಮುಗಿಯುತ್ತೆ. ಐದಕ್ಕೆ ಸರಿಯಾಗಿ ನಿನ್ನ ಹುಡುಗಿ ಮನೇಲಿ ನಿನ್ ಪರವಾಗಿ ನಾನೇ ಮಾತಾಡ್ತೀನಿ. ಮಾತೆ ಮರಿಯಾಳಾಣೆ."

ಎವೆನೊರ್ ಇಸ್ತ್ರಿ ಪೆಟ್ಟಿಗೆ ಹುಡುಕಲು ಓಡಿದ. ಅವನ ಪರವಾಗಿ ಹೀಗೆ ಆಣೆಯಿಟ್ಟು ಎದ್ದು ನಿಂತವರು ಈವರೆಗೆ ಯಾರೂ ಇರಲಿಲ್ಲ.

ನಾಲ್ಕೂ ಇಪ್ಪತ್ತೈದಕ್ಕೆ ಹೊರಟರು. ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ ಎವೆನೊರ್, ತೊಡೆಯ ಮೇಲೆ ಸಬೀನಾ ತಂದಿದ್ದ ಮೆಕ್ಕೆಜೋಳದ ಬಿಸ್ಕತ್ತಿನ ದೊಡ್ಡ ಡಬ್ಬಿ.

"ಮುಂದೆ ಎಡಕ್ಕೆ," ಎಂದಿತು ಸ್ಕ್ರೀನು.

"ಕೇಳು ಹೆಂಗೆ ಮಾತಾಡ್ತಾಳೆ, ಸಕ್ಕರೆ!" ಎಂದರು ಸಬೀನಾ.

"ನನ್ ಹುಡುಗಿ ಮನೇಗೂ ಇದೇ ದಾರಿ ಅಮ್ಮಾ," ಎಂದ ಎವೆನೊರ್ ಖುಷಿಯಿಂದ. "ಹತ್ರಾನೇ ಇರ್ಬೇಕು."

"ಮುಂದೆ ಬಲಕ್ಕೆ."

"ಅರೆ, ಇಲ್ಲೂ ಬಲಕ್ಕೇ ಹೋಗ್ಬೇಕು."

ಹುಣಸೆಮರವಿದ್ದ ಜಾಗ ದಾಟಿತು. ಎವೆನೊರ್ ಮಾತು ನಿಲ್ಲಿಸಿದ. ಹೊಲಿಗೆಯವರ ಮನೆ ದಾಟಿತು. ಅವನು ಡಬ್ಬಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದ.

"ಅಮ್ಮಾ, ಆ ಒಳ್ಳೆ ಕೆಲಸ ಅಂದ್ರಲ್ಲ, ಏನದು?"

"ಇನ್ನೇನು ಬಂದೇಬಿಟ್ವಲ್ಲ, ಹೇಳಿದ್ರೆ ತಪ್ಪಿಲ್ಲ. ನನ್ನ ತಂಗಿ ಮಗನಿಗೆ ಹೆಣ್ಣು ಕೇಳೋದು."

"ನೀವು ಸೇರಬೇಕಾದ ಸ್ಥಳ ತಲುಪಿದ್ದೀರಿ," ಎಂದಿತು ಸ್ಕ್ರೀನು.

ಹಸಿರು ಬಾಗಿಲು. ಬಾಗಿಲಲ್ಲಿ ದೋನ್ಯ ಪೆತ್ರೋನಿಲಾ. ಕಾರಿನ ಕಿಟಕಿ ನೇರ ಹೊಸ್ತಿಲಿಗೇ ಬಂದು ನಿಂತಿತ್ತು, ಅಂಗೈಯಷ್ಟೂ ಆಚೀಚೆ ಇಲ್ಲ. ಎದೆ ಒಡೆಯುತ್ತಿದ್ದ ಆ ಗಳಿಗೆಯಲ್ಲೂ ಎವೆನೊರ್ ಅದನ್ನು ಗಮನಿಸಿದ. ಅವನ ಬಗ್ಗೆ ನನಗೆ ಗೌರವ ಇರುವುದು ಇದಕ್ಕೇ.

"ಮನೆ ಸಿಕ್ತಾ ಕೊನೇಗೆ!" ಎಂದರು ಪೆತ್ರೋನಿಲಾ. ಆಮೇಲೆ ಎವೆನೊರ್‌ನನ್ನು ಕಂಡು ಕೈಗಡಿಯಾರ ನೋಡಿಕೊಂಡರು. "ನೀನಾ? ಅರ್ಧ ಗಂಟೆ ಮುಂಚೆ? ಮೈ ಹುಷಾರಿಲ್ವೇನೋ?"

ಸಬೀನಾ ಅವನನ್ನು ನೋಡಿದರು, ಬಾಗಿಲನ್ನು ನೋಡಿದರು, ಒಳಗೆ ಬಿಳಿಚಿಕೊಂಡು ನಿಂತ ಯಾಮಿಲೆತ್‌ಳನ್ನು ನೋಡಿದರು. ಅವರಿಗೆ ಎಲ್ಲ ಅರ್ಥವಾಯಿತು. ಅದೇ ಹೊತ್ತಿಗೆ ಹಿಂದೆ ಇನ್ನೊಂದು ಕಾರು ಬಂದು ನಿಂತಿತು. ಅದರಿಂದ ಸಬೀನಾರ ತಂಗಿಯ ಮಗ ನೊರ್ಲಾನ್, ಹೂಗುಚ್ಛ ಹಿಡಿದು ಇಳಿದ.

"ಎರಡು ಭಾನುವಾರ ಅಲೆದಿದ್ದೆ ದೊಡ್ಡಮ್ಮಾ! ಇವತ್ತು ಬೆಣ್ಣೇಲಿ ಚಾಕು ಹೋದ ಹಾಗೆ ಬಂದೆ. ಯಾರು ಆ ಚುಕ್ಕಿ ಕಳಿಸಿದ್ದು?"

ಚುಕ್ಕಿ ಕಳಿಸಿದವನು ಬಿಸ್ಕತ್ತಿನ ಡಬ್ಬಿ ಹೊತ್ತು ಎಲ್ಲರ ಹಿಂದೆ ಒಳಗೆ ನಡೆದ.

ಆದರೆ ಸಬೀನಾ ಆಣೆ ಮಾಡಿದ್ದರು. ಕುರ್ಚಿಯಲ್ಲಿ ನೆಟ್ಟಗೆ ಕೂತು ಮೊದಲು ನೊರ್ಲಾನ್‌ನ ಪರವಾಗಿ ಮಾತಾಡಿದರು: ಒಳ್ಳೆ ಹುಡುಗ, ಕುಡಿಯಲ್ಲ, ಕೆಲಸ ಇದೆ. ಎರಡು ನಿಮಿಷಕ್ಕೆ ಮುಗಿಯಿತು. ಆಮೇಲೆ ನೀರು ಕುಡಿದು, ಎವೆನೊರ್‌ನ ಪರವಾಗಿ ಶುರುಮಾಡಿದರು. ಹನ್ನೊಂದು ಗಂಟು, ಕಾಣದ ಜಾಗದ ಜಡೆ, ತೂರದ ಕೂದಲು, ಹತ್ತೊಂಬತ್ತು ಟಯರು, ತುಕ್ಕಿನ ಮುಚ್ಚಳ, ಯಾವುದನ್ನೂ ಬಿಡಲಿಲ್ಲ. ಯಾಮಿಲೆತ್ ಅತ್ತಳು. ನೊರ್ಲಾನ್ ಚಪ್ಪಾಳೆ ತಟ್ಟಿದ. ಐಸ್ ಕಾರ್ಖಾನೆಯ ಮುಚ್ಚಳದ ಮಾತು ಬಂದಾಗ ಪೆತ್ರೋನಿಲಾ ಅಂಗೈಯಿಂದಲೇ ಕಣ್ಣೊರೆಸಿಕೊಂಡರು. ಅವರ ಗಂಡ ಮೊದಲ ಸಲ ಅವರನ್ನು ಮಾತಾಡಿಸಿದ್ದು ಅದೇ ಮೂಲೆಯಲ್ಲಿ.

"ಇಂಥ ಹುಡುಗನ್ನ ಬೇಡ ಅನ್ನೋಕಾಗಲ್ಲ," ಎಂದರು ಪೆತ್ರೋನಿಲಾ. ಎವೆನೊರ್ ಉಸಿರು ಹಿಡಿದ. "ಆದ್ರೆ ಇವನು ಟೈಮಿಗೆ ಬಂದಿದ್ದು ತಾನಾಗಿ ಅಲ್ಲ, ನಿಮ್ ಕಾರಲ್ಲಿ. ಮೂರು ಸಲ ನನ್ನ ಕಾಯ್ಸಿದಾನೆ. ಅದಕ್ಕೆ ಮುಂದಿನ ಭಾನುವಾರ ಐದಕ್ಕೆ ಇಬ್ರೂ ಬನ್ನಿ. ಬೇರೆ ಬೇರೆಯಾಗಿ. ಯಾರು ಮೊದ್ಲು ಈ ಬಾಗಿಲು ತಟ್ತಾರೋ ಅವರಿಗೇ ನನ್ ಮಗಳು. ಇನ್ನು ಮಾತಿಲ್ಲ."

ಯಾಮಿಲೆತ್ ಅವನನ್ನು ಬೀದಿಯವರೆಗೆ ಬಿಡಲು ಬಂದಳು. "ನಡ್ಕೊಂಡ್ ಬಂದ್ರೂ ಹದಿನೈದು ನಿಮಿಷ ನಿನಗೆ," ಎಂದು ಪಿಸುಗುಟ್ಟಿದಳು. "ಅವರು ಬರಬೇಕಾಗಿರೋದು ಎಸ್ತೆಲಿಯಿಂದ. ಭಾನುವಾರ ಒಂದು ದಿನ, ಒಂದೇ ಒಂದು ದಿನ, ಯಾವ ಕಾರನ್ನೂ ಮುಟ್ಬೇಡ. ಸಾಕು."

"ಮುಟ್ಟಲ್ಲ," ಎಂದ ಎವೆನೊರ್. "ನಿನ್ನಾಣೆ."

ಎದುರಿಗೆ ನೊರ್ಲಾನ್ ತನ್ನ ಕಾರಿನ ಬಾಗಿಲು ತೆರೆದ. ಒಳಗೆ ದೀಪ ಹತ್ತಿಕೊಂಡಿತು. ಡ್ಯಾಶ್‌ಬೋರ್ಡಿನಲ್ಲಿ ಒಂದು ಸ್ಕ್ರೀನು ಒಂದು ಕಡೆ ವಾಲಿಕೊಂಡು ಕೂತಿತ್ತು. ಎಡಭಾಗದಲ್ಲಿ ಸಿಗರೇಟು ಪ್ಯಾಕಿನ ರಟ್ಟು. ಸಂದು ಎರಡು ಬೆರಳಲ್ಲ, ಮೂರು.

"ಎವೆನೊರ್, ಆ ಕಡೆ ನೋಡ್ಬೇಡ," ಎಂದಳು ಯಾಮಿಲೆತ್.

ಅವನು ಆಗಲೇ ಕಿಟಕಿಯಲ್ಲಿ ತಲೆ ತೂರಿಸಿದ್ದ. "ಭಾನುವಾರ ಹನ್ನೊಂದಕ್ಕೆ ಅಂಗಡಿ ಹತ್ರ ತಗೊಂಡ್ ಬನ್ನಿ," ಎಂದು ನೊರ್ಲಾನ್‌ಗೆ ಹೇಳುತ್ತಿದ್ದ. "ಒಂದು ಗಂಟೆ ಕೆಲಸ."