ಹೆಣ್ಣು ನೋಡುವ ದಿನ ಕಡಲ ಕಲ್ಲು

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನ ಮನೆಯಲ್ಲೂ ವಿಜ್ಞಾನ ಇರಬೇಡವೇ? ಇದು ನನ್ನ ವಾದ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ತೋಟ ಮಾರಿ ಇಂಗ್ಲೆಂಡಿಗೆ ಹೊರಟ ಬಿಳಿ ದೊರೆಯೊಬ್ಬರ ಬಂಗಲೆಯ ಸಾಮಾನು ಹರಾಜಾದಾಗ ಊರವರೆಲ್ಲ ಕುರ್ಚಿ, ಮಂಚ ಹೊತ್ತು ಹೋದರು. ನಾನು ಮಾತ್ರ ಮೀನು ಸಾಕುವ ಗಾಜಿನ ತೊಟ್ಟಿಯನ್ನು ಕುಶಾಲನಗರದ ನಮ್ಮ ಮನೆಗೆ ತಂದು, ಕಾವೇರಿಯ ಪುಟ್ಟ ಮೀನುಗಳನ್ನು ಅದರಲ್ಲಿ ಬಿಟ್ಟೆ. ಅದನ್ನು ನೋಡಿ ನನಗೇ ನನ್ನ ಮೇಲೆ ಗೌರವ ಉಕ್ಕಿತು!

ಒಂದು ಚೆಂದದ ಕಲ್ಲಿನ ಕೊರತೆಯಿತ್ತು. ಮಂಗಳೂರಿನ ನನ್ನ ಗೆಳೆಯನೊಬ್ಬ ಸಮುದ್ರದ ನೀರನ್ನೇ ಹೊತ್ತು ತಂದು ತೊಟ್ಟಿಯಲ್ಲಿ ಕಡಲ ಮೀನು ಸಾಕುತ್ತಿದ್ದ. ಅವನಿಗೆ ಬಳ್ಳಾರಿಗೆ ವರ್ಗವಾಯಿತು. ಬಳ್ಳಾರಿಯಲ್ಲಿ ಸಮುದ್ರವನ್ನು ಎಲ್ಲಿಂದ ತರುತ್ತಾನೆ? ತೊಟ್ಟಿಯಲ್ಲಿದ್ದ ತೂತುತೂತಿನ ಕಲ್ಲನ್ನು ಒದ್ದೆ ಗೋಣಿಯಲ್ಲಿ ಸುತ್ತಿ ನನಗೆ ದಾನ ಮಾಡಿದ.

ಆ ಭಾನುವಾರ ನನ್ನ ತಂಗಿ ಸರಸುವನ್ನು ನೋಡಲು ಸೋಮವಾರಪೇಟೆಯಿಂದ ಗಂಡಿನವರು ಬರುವವರಿದ್ದರು. ಹುಡುಗ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು, ಒಳ್ಳೆಯ ಮನೆತನ. ಜಾತಕ ಕೂಡಿತ್ತು. ಫೋಟೋ ನೋಡಿದಾಗಿನಿಂದ ಸರಸು ಕಾರಣವಿಲ್ಲದೆ ನಗುತ್ತಿದ್ದಳು. ಈ ಸಂಬಂಧ ತಪ್ಪಬಾರದೆಂದು ನಮಗೆಲ್ಲ ಆಸೆ. ತೊಟ್ಟಿ ನೋಡಿ ಅವರು ಬೆರಗಾಗಲೆಂದು ಗುರುವಾರವೇ ಕಲ್ಲನ್ನು ನೀರಿಗಿಳಿಸಲು ಹೊರಟೆ.

"ರೀ, ಅದು ಉಪ್ಪುನೀರಿನ ಕಲ್ಲು ಕಣ್ರೀ. ಚೆನ್ನಾಗಿ ಕುದಿಸಿ, ಬಿಸಿಲಿಗೆ ಒಣಗ್ಸಿ ಆಮೇಲೆ ಹಾಕಿ" ಎಂದಳು ನನ್ನ ಹೆಂಡತಿ ರತ್ನ.

"ಕುದಿಸೋಕೆ ಅದೇನು ಹುರುಳಿಕಾಳಾ?" ಎಂದೆ. ವಿಜ್ಞಾನ ಯಾರ ವಿಷಯ, ಅವಳದೋ ನನ್ನದೋ?

ಕಲ್ಲಿನ ತೂತುಗಳಲ್ಲಿ ಸುಖವಾಗಿ ಸಂಸಾರ ನಡೆಸುತ್ತಿದ್ದ ಹುಳ, ಏಡಿಮರಿ, ಚಿಪ್ಪಿನ ಜೀವಿಗಳು ಸಿಹಿನೀರು ತಾಗಿದೊಡನೆ ಸಾಮೂಹಿಕವಾಗಿ ದೇಹತ್ಯಾಗ ಮಾಡಿದವು. ಮರುದಿನ ನೀರು ಅಕ್ಕಿ ತೊಳೆದ ಕಲಗಚ್ಚಿನಂತಾಯಿತು. ಶನಿವಾರ ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದವು. ರತ್ನ ಅವನ್ನು ಬಾವಿಕಟ್ಟೆಯ ಕಲ್ಲುಬಾನಿಗೆ ಸಾಗಿಸಿದಳು. ನಾನು ಮಾತ್ರ ನೀರು ತಾನಾಗಿಯೇ ತಿಳಿಯಾಗುತ್ತದೆಂದು ಕಾದೆ. ಭಾನುವಾರ ಬೆಳಿಗ್ಗೆ ಎದ್ದರೆ ಮನೆತುಂಬ ಒಣಮೀನಿನ ವಾಸನೆ!

ಹೆಣ್ಣು ನೋಡುವ ಶುಭದಿನ. ಅಂದು ನಮ್ಮಲ್ಲಿ ಮೀನು ಮಾಂಸದ ಹೆಸರೆತ್ತುವಂತಿಲ್ಲ. ಒಲೆಯ ಮೇಲೆ ಕೇಸರಿಬಾತು, ಉಪ್ಪಿಟ್ಟು ಆಗುತ್ತಿತ್ತು. ಗಾಬರಿಯಿಂದ ಸಾಂಬ್ರಾಣಿ ಹಾಕಿದೆ. ಈಗ ಒಣಮೀನಿಗೆ ಪೂಜೆ ಮಾಡಿದ ವಾಸನೆ ಬಂತು.

"ಅಣ್ಣ, ಮೊದ್ಲು ಆ ಕಲ್ಲನ್ನ ಆಚೆ ಹಾಕು!" ಸರಸುವಿನ ಕಣ್ಣಲ್ಲಿ ನೀರಿತ್ತು. ತೊಟ್ಟಿಯ ನೀರು ಚೆಲ್ಲಿ, ಸೋರುವ ಕಲ್ಲನ್ನು ಎದೆಗವಚಿಕೊಂಡು ಬಾಗಿಲತ್ತ ಓಡಿದೆ. ಬಾಗಿಲಲ್ಲಿ ಗಂಡಿನವರು! ಮೊದಲ ಬಸ್ಸಿಗೇ ಬಂದಿದ್ದರು. ಕಲ್ಲನ್ನು ಸರಕ್ಕನೆ ಬೆಂಚಿನ ಕೆಳಗೆ ತಳ್ಳಿ, ಕೈ ಹಿಂದಕ್ಕೆ ಕಟ್ಟಿಕೊಂಡು, "ಬನ್ನಿ, ಬನ್ನಿ, ಕೂತ್ಕೊಳ್ಳಿ" ಎಂದೆ.

ಹುಡುಗನ ಅಜ್ಜಿ ನೇರವಾಗಿ ಬಂದು ಅದೇ ಬೆಂಚಿನ ಮೇಲೆ ಕುಳಿತರು. ಮೂಗರಳಿಸಿದರು. ಹುಡುಗ ಕರ್ಚೀಫು ತೆಗೆದ. ಅವನ ಅಪ್ಪ ಸೂರು ನೋಡತೊಡಗಿದರು.

"ಏನಪ್ಪ ಮೇಷ್ಟ್ರೇ, ಒಣಮೀನು ಸಾರಾ?" ಎಂದರು ಅಜ್ಜಿ.

"ಛೆ ಛೆ! ಇವತ್ತು ಮಾಡ್ತೀವಾ ಅಜ್ಜಿ? ಉಪ್ಪಿಟ್ಟು!"

"ನನ್ ಹತ್ರ ಮುಚ್ಚಿಡ್ಬೇಡ. ಡಾಕ್ಟ್ರು ಉಪ್ಪು ಬಿಡಿ ಅಂದ್ ಮೇಲೆ ನಮ್ಮನೇಲಿ ಒಣಮೀನು ಕಣ್ಣಿಗೂ ಬಿದ್ದಿಲ್ಲ. ಒಂಚೂರು ಸಾರು ಹಾಕಿದ್ರೆ ಏನಾಗುತ್ತೆ? ಹೆಣ್ಣು ಕೊಡೋ ಮೊದ್ಲೇ ಸಾರು ಬಚ್ಚಿಡೋ ಮನೇನಾ ಇದು?"

"ಅವ್ವಾ!" ಎಂದರು ಅವರ ಮಗ. ಅಜ್ಜಿ ಕೋಪದಿಂದ ಸೆರಗು ಸರಿಮಾಡಿಕೊಂಡು ಎದ್ದೇಬಿಟ್ಟರು. ಇಲ್ಲದ ಸಾರನ್ನು ಎಲ್ಲಿಂದ ಬಡಿಸಲಿ?

ಆಗ ಸರಸು ಕಾಫಿ ತಟ್ಟೆ ಹಿಡಿದು ಬಂದಳು. "ಸಾರಲ್ಲ ಅಜ್ಜಿ, ಅದು ನಮ್ಮಣ್ಣನ ಕಲ್ಲು" ಎಂದಳು. ತಟ್ಟೆ ಕೆಳಗಿಟ್ಟು, ಬಗ್ಗಿ, ಬೆಂಚಿನ ಕೆಳಗಿಂದ ಕಲ್ಲನ್ನು ಎಳೆದು ತೋರಿಸಿ ನಡೆದದ್ದನ್ನೆಲ್ಲ ಹೇಳಿಬಿಟ್ಟಳು. ಮುಗಿಯಿತು ಎಂದು ನಾನು ಕಣ್ಣು ಮುಚ್ಚಿದೆ.

ಮೊದಲು ನಕ್ಕವನು ಹುಡುಗ. ಆಮೇಲೆ ಅಜ್ಜಿ ಹೊಟ್ಟೆ ಹಿಡಿದುಕೊಂಡು ಮತ್ತೆ ಕುಳಿತರು. "ಹುಡುಗಿ ಮುಚ್ಚುಮರೆ ಇಲ್ದೋಳು. ನಂಗೊಪ್ಪಿಗೆ. ಮೇಷ್ಟ್ರನ್ನ ಮಾತ್ರ ಮದ್ವೆ ಅಡುಗೆ ಮನೆಗೆ ಬಿಡ್ಬೇಡಿ" ಎಂದರು. ಸರಸು ನಾಚಿ ಒಳಗೋಡಿದಳು. ನನಗೆ ಅಳು ನಗು ಒಟ್ಟಿಗೇ ಬಂತು.

ಮದುವೆಯಾಯಿತು. ಬೀಗರ ಊಟದ ದಿನ ಅಜ್ಜಿ ನನ್ನ ಪಕ್ಕದಲ್ಲೇ ಕುಳಿತು, ಮಗನ ಕಣ್ಣು ತಪ್ಪಿಸಿ ಒಣಮೀನು ಸಾರು ಹಾಕಿಸಿಕೊಂಡರು. "ಮೇಷ್ಟ್ರೇ, ಧೈರ್ಯವಾಗಿ ಉಣ್ಣಿ. ಇದನ್ನ ಕುದ್ಸಿದಾರೆ" ಎಂದರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ರತ್ನ!

ತೊಟ್ಟಿಯಲ್ಲಿ ಈಗ ರತ್ನ ಹುರುಳಿಕಾಳು ತುಂಬಿಟ್ಟಿದ್ದಾಳೆ. ಕಲ್ಲು ಕೊಟ್ಟಿಗೆ ಸೇರಿದೆ. ಅದರಲ್ಲಿ ಇನ್ನೂ ಉಪ್ಪಿನ ರುಚಿ ಇರಬೇಕು, ಹಸು ದಿನವೂ ಕಣ್ಣು ಮುಚ್ಚಿ ನೆಕ್ಕುತ್ತದೆ. ನನ್ನ ವಿಜ್ಞಾನವನ್ನು ಈ ಮನೆಯಲ್ಲಿ ಮೆಚ್ಚಿದ್ದು ಅದೊಂದೇ.