ಇಪ್ಪತ್ತು ವರ್ಷದ ಹೊಗೆ

ಹಳೆಯ ಕಾಲದ ವಸ್ತುಗಳು ವಸ್ತುಸಂಗ್ರಹಾಲಯದಲ್ಲಿ ಗಾಜಿನ ಹಿಂದೆ ಇರಬೇಕು ಎಂದು ನಂಬಿದ್ದವನು ನಾನು. ಈಗ ಕಾರ್ಲ್‌ಸ್ಟಾಡ್ ಎಂಬ ಪರದೇಶದ ಊರಿನ ನಮ್ಮ ಫ್ಲ್ಯಾಟಿನಲ್ಲಿ ಅವು ಸಿಂಕಿನ ಪಕ್ಕದಲ್ಲಿವೆ. ನನ್ನ ಹೆಂಡತಿ ವಸುಧಾ, ವಾರಾಂತ್ಯಗಳಲ್ಲಿ ಸಾವಿರ ವರ್ಷ ಹಿಂದಿನವರಂತೆ ಉಟ್ಟು ತೊಟ್ಟು ಬಯಲಲ್ಲಿ ಬಿಡಾರ ಹೂಡುವ ಬಳಗವೊಂದನ್ನು ಸೇರಿದ್ದಾಳೆ. ಬಿಡಾರ ಎತ್ತಿದ ಮೇಲೂ ಆ ಸಾಮಾನುಗಳಿಗೆ ಬಿಡುವಿಲ್ಲ. ಮರದ ಬೋಗುಣಿಯಲ್ಲಿ ಕೋಸಂಬರಿ ಕಲೆಸುತ್ತೇವೆ. ಸೊಂಟಕ್ಕೆ ಕಟ್ಟುವ ಚರ್ಮದ ಚೀಲದಲ್ಲಿ ನನ್ನ ಬಸ್ ಕಾರ್ಡು ಇರುತ್ತದೆ. ಕಬ್ಬಿಣದ ಉಂಗುರಗಳನ್ನು ಹೆಣೆದು ಮಾಡಿದ ಯುದ್ಧಕವಚದ ತುಂಡೊಂದು ದೋಸೆ ಕಾವಲಿಯನ್ನು ಉಜ್ಜುತ್ತದೆ. ಅಷ್ಟು ಚೆನ್ನಾಗಿ ಉಜ್ಜುವ ಬ್ರಷ್ಷನ್ನು ನಾನು ಯಾವ ಅಂಗಡಿಯಲ್ಲೂ ಕಂಡಿಲ್ಲ. ಹೀಗಾಗಿ ಯಾವುದು ಬಿಡಾರದ್ದು, ಯಾವುದು ಅಡುಗೆಮನೆಯದ್ದು ಎಂಬುದು ನನ್ನ ತಲೆಯಲ್ಲಿ ಕಲಸಿಹೋಯಿತು. ಅನಾಹುತ ಆದದ್ದು ಅಲ್ಲಿಯೇ.

ಕಳೆದ ಬೇಸಿಗೆಯಲ್ಲಿ ಬಳಗದ ಹಿರಿಯರಾದ ಗುನಿಲ್ಲಾ ತಮ್ಮ ತಾಮ್ರದ ಪಾತ್ರೆಯನ್ನು ವಸುಧಾಳ ಕೈಗೆ ಕೊಟ್ಟರು. ಶನಿವಾರ ಇಡೀ ಬಿಡಾರದ ಅಡುಗೆ ಅವಳದ್ದು. ಅಲ್ಲಿಯವರೆಗೆ ಅವಳಿಗೆ ಸಿಕ್ಕಿದ್ದು ಈರುಳ್ಳಿ ಹೆಚ್ಚುವ, ಸೌದೆ ಹೊರುವ ಕೆಲಸ ಮಾತ್ರ. ಪಾತ್ರೆಯನ್ನು ಅವಳು ಮಗುವನ್ನು ತಂದಂತೆ ಮನೆಗೆ ತಂದಳು. ನನಗೆ ಕಂಡದ್ದು ಮಸಿ ಹಿಡಿದ ತಾಮ್ರ. ನಾನು ಬೆಳೆದದ್ದು ತಾಮ್ರದ ಚೆಂಬಿನಲ್ಲಿ ರಾತ್ರಿ ನೀರಿಟ್ಟು ಬೆಳಗ್ಗೆ ಕುಡಿಯುವ ಮನೆಯಲ್ಲಿ. ನೀರಿಡೋಣ, ಅದಕ್ಕೆ ಮುಂಚೆ ಬೆಳಗೋಣ ಎಂದುಕೊಂಡೆ. ಹುಣಸೆಹಣ್ಣು, ಉಪ್ಪು, ಕೊನೆಗೆ ಯುದ್ಧಕವಚ. ಸಂಜೆ ವಸುಧಾ ಬಂದಾಗ ಪಾತ್ರೆಯಲ್ಲಿ ಅವಳ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು. ಅದು ಸಂತೋಷದ ಮುಖವಲ್ಲ ಎಂಬುದೂ ಕಾಣುತ್ತಿತ್ತು.

"ಅದು ಬರೀ ಮಸಿ ಅಲ್ಲ ರೀ," ಎಂದಳು. "ಇಪ್ಪತ್ತು ವರ್ಷದ ಹೊಗೆ."

ಪಾತ್ರೆಯನ್ನು ಎತ್ತಿಕೊಂಡು ಕೋಣೆಗೆ ಹೋದಳು. ಹೊಗೆಯನ್ನೂ ಕಾಪಾಡುವವರಿದ್ದಾರೆಂದು ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಮರ್ಯಾದೆ ಹೋಗುತ್ತಿದ್ದದ್ದು ಬೆಳಗದ ಪಾತ್ರೆಯಿಂದ; ಇಲ್ಲಿ ಬೆಳಗಿದ್ದರಿಂದಲೇ ಹೋಗಿತ್ತು.

ಶನಿವಾರ ತಪ್ಪೊಪ್ಪಿಕೊಳ್ಳಲೆಂದು ನಾನೂ ಹೋದೆ. ಗುನಿಲ್ಲಾ ಪಾತ್ರೆಯನ್ನು ತಿರುಗಿಸಿ ನೋಡಿ, "ಯಾಹಾ" ಎಂದರು. ಈ ದೇಶದವರ "ಯಾಹಾ"ಗೆ ಸಿಟ್ಟು ಎಂದರ್ಥವೋ, ಸರಿ ಎಂದರ್ಥವೋ, ಇಷ್ಟು ವರ್ಷವಾದರೂ ನನಗೆ ಖಚಿತವಿಲ್ಲ. ಪಾತ್ರೆಯನ್ನು ಕೆಳಗಿಟ್ಟು ಅವರು ವಸುಧಾಳಿಗೆ, ಒಲೆ ಹಚ್ಚು, ಹೊಗೆ ಇವತ್ತಿನಿಂದ ನಿನ್ನದು ಅಂದರು. ವಸುಧಾ ಸೌದೆ ತರಲು ಹೊರಟಳು. ನಂತರ ಗುನಿಲ್ಲಾ ನನ್ನ ಮುಖದತ್ತ ಬೆರಳು ತೋರಿಸಿದರು. ಆ ಕಾಲದಲ್ಲಿ ಕನ್ನಡಕ ಇರಲಿಲ್ಲವಂತೆ. ತೆಗೆದು ಜೇಬಿಗಿಟ್ಟೆ. ಇಲ್ಲಿಂದ ಮುಂದೆ ನಾನು ಕಂಡದ್ದಕ್ಕೆ ನಾನು ಹೊಣೆಯಲ್ಲ.

ಅಡುಗೆ ಮುಗಿಯುವ ಹೊತ್ತಿಗೆ ವಸುಧಾ ಡೇರೆಯ ಪಕ್ಕ ಕಂದು ಕಂಬಳಿ ಹೊದ್ದು, ನನಗೆ ಬೆನ್ನು ಹಾಕಿ ನಿಂತಿದ್ದಳು. ಹತ್ತಿರ ಹೋಗಿ ನಿಧಾನವಾಗಿ ಹೇಳಿದೆ: "ತಪ್ಪಾಯ್ತು ವಸು. ನಿನ್ನ ವಸ್ತು ಮುಟ್ಟೋ ಮುಂಚೆ ಕೇಳ್ಬೇಕಿತ್ತು." ಅವಳು ನಡುವೆ ಬಾಯಿ ಹಾಕಲಿಲ್ಲ. ಮದುವೆಯಾದಾಗಿನಿಂದ ನನ್ನ ಮಾತನ್ನು ಅಷ್ಟು ತಾಳ್ಮೆಯಿಂದ ಅವಳು ಕೇಳಿದ್ದೇ ಇಲ್ಲ. ಆ ಧೈರ್ಯದಲ್ಲಿ, ಇನ್ನು ಮೇಲೆ ಭಾನುವಾರದ ಅಡುಗೆ ಪೂರ್ತಿ ನನ್ನದು ಎಂದೂ ಸೇರಿಸಿದೆ.

"ರೀ," ಎಂದಿತು ನನ್ನ ಹಿಂದಿನಿಂದ ಒಂದು ದನಿ. "ಅದು ಕೋಲಿಗೆ ಒಣಹಾಕಿರೋ ಕಂಬಳಿ. ಈ ಕಡೆ ತಿರುಗಿ, ಮೊದಲಿನಿಂದ ಹೇಳಿ. ಭಾನುವಾರದ್ದು ಬಿಡಬೇಡಿ."

ತಿರುಗಿದೆ. ಅಲ್ಲೂ ಒಂದು ಕಂದು ಆಕೃತಿಯೇ ಕಂಡಿತು. ಇದರ ಕೈಯಲ್ಲಿ ಸೌಟಿತ್ತು. ಇದೇ ನನ್ನ ಹೆಂಡತಿ ಎಂದು ನಂಬಿ, ಮೊದಲಿನಿಂದ ಹೇಳಿದೆ.